ಅಕ್ಕ ಹಡಗು ಕೊಂಡದ್ದು

ನನಗೊಂದು ಕೆಟ್ಟ ಅಭ್ಯಾಸವಿದೆ. ಎದುರಿಗೆ ಏನು ಕಂಡರೂ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡುತ್ತೇನೆ. ಮದುವೆ ಮನೆಯ ಊಟದ ಮೇಜು, ಹೊಸ ಮನೆಯ ಬಾಗಿಲು, ಬಸ್ಸಿನ ಸೀಟಿನ ಬೆನ್ನು, ಅಂಗಡಿ ಮುಂದಿಟ್ಟ ಹಲಸಿನ ಹಣ್ಣು, ಯಾವುದೂ ನನ್ನ ಕೈಯಿಂದ ತಪ್ಪಿಸಿಕೊಂಡದ್ದಿಲ್ಲ. ಮೊನ್ನೆ ಬೀಗರ ಮನೆಗೆ ಹೋಗಿದ್ದಾಗ ಅವರು ಹೆಮ್ಮೆಯಿಂದ ತೋರಿಸಿದ ತೇಗದ ಬೀರುವನ್ನೂ ತಟ್ಟಿಬಿಟ್ಟೆ. ಸದ್ದು ಟೊಳ್ಳಾಗಿ ಬಂತು. ಬೀಗರ ಮುಖ ಸಣ್ಣದಾಯಿತು. ವಾಪಸು ಬರುವಾಗ ಹೆಂಡತಿ ವಿಮಲ, "ಇನ್ಮೇಲೆ ಹೊರಗಡೆ ಹೊರಟ್ರೆ ನಿಮ್ ಕೈ ಕಟ್ಟಾಕಿ ಕರ್ಕೊಂಡ್ ಹೋಗ್ತೀನಿ" ಅಂದಳು.

ಅಭ್ಯಾಸ ನಮ್ಮಪ್ಪನಿಂದ ಬಂದದ್ದು. ಗುಬ್ಬಿಯಲ್ಲಿ ಅವರದು ತೆಂಗಿನಕಾಯಿ ವ್ಯಾಪಾರ. ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ಒಂದೊಂದು ಕಾಯಿ ಹಿಡಿದು ಒಂದಕ್ಕೊಂದು ತಟ್ಟುವರು. ನೀರಿದೆಯೋ, ಬಲಿತಿದೆಯೋ, ಒಳಗೊಳಗೇ ಬಿರುಕು ಬಿಟ್ಟಿದೆಯೋ ಎಲ್ಲ ಸದ್ದಿನಲ್ಲೇ ತಿಳಿಯುತ್ತಿತ್ತು. ರಜೆಯಲ್ಲಿ ನನ್ನನ್ನೂ ಅಕ್ಕನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವರು. ಅಕ್ಕ ಬೇಗ ಕಲಿತಳು. ನಾನು ಒಳ್ಳೆಯ ಕಾಯಿಯನ್ನೆಲ್ಲ ಕೆಟ್ಟ ರಾಶಿಗೆ ಎಸೆಯುತ್ತಿದ್ದೆ. ಕೆಟ್ಟದ್ದು ಗಿರಾಕಿಯ ಚೀಲಕ್ಕೆ ಹೋಗುತ್ತಿತ್ತು. ಕೊನೆಗೆ ಅಪ್ಪ, "ಇವನ ಕಿವಿ ವ್ಯಾಪಾರಕ್ಕೆ ಆಗ್ಬರಲ್ಲ" ಎಂದು ತೀರ್ಮಾನಿಸಿದರು. ಕಿವಿ ಕೈಕೊಟ್ಟಿದ್ದರಿಂದ ನಾನು ಕಣ್ಣಿನ ವ್ಯಾಪಾರ ಹಿಡಿದೆ. ತುಮಕೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟೆ, ಸದಾಶಿವನಗರದಲ್ಲಿ ಮನೆ ಮಾಡಿದೆ, ತಟ್ಟುವುದು ಮರೆತೇಹೋಗಿತ್ತು. ಅದು ಮತ್ತೆ ಬಂದು ಅಂಟಿಕೊಂಡದ್ದು ಅಕ್ಕ ಹಡಗು ಕೊಳ್ಳಲು ಹೊರಟಾಗ.

ಅಕ್ಕನ ಹೆಸರು ನೀಲಮ್ಮ. ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ನಿವೃತ್ತಿಯಾದವಳು. ಮದುವೆ ಬೇಡ ಅಂದಳು. ಯಾಕೆ ಅಂತ ನಾವೆಲ್ಲ ಕೇಳಿ ಕೇಳಿ ಸುಸ್ತಾಗಿ ಸುಮ್ಮನಾದೆವು. ಈಗಲೂ ಕುಣಿಗಲ್ ಪೇಟೆಯಲ್ಲಿ ಅವಳು ನಡೆದು ಬಂದರೆ ಹೊಟ್ಟೆ ಬಂದಿರುವ ಗಂಡಸರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ನಿವೃತ್ತಿಯಾದ ವರ್ಷ ಜೊತೆಯ ಟೀಚರುಗಳೆಲ್ಲ ಸೇರಿ ಕೇರಳದ ಹಿನ್ನೀರು ನೋಡಲು ಹೋದರು. ದೋಣಿಮನೆ ಓಡಿಸುವವನು ಟೀ ಕುಡಿಯುವ ಹೊತ್ತಿಗೆ ಅಲ್ಲೇ ನಿಂತಿದ್ದ ಅಕ್ಕನ ಕೈಗೆ ಸ್ಟೇರಿಂಗು ಕೊಟ್ಟನಂತೆ. ಅವನು ಟೀ ಕುಡಿದು ಮುಗಿಸಿದರೂ ಇವಳು ವಾಪಸು ಕೊಡಲಿಲ್ಲವಂತೆ. ಉಳಿದ ಟೀಚರುಗಳು ಹಲಸಿನ ಚಿಪ್ಸು, ಏಲಕ್ಕಿ ತಂದರು. ಅಕ್ಕ ಬರಿಗೈಯಲ್ಲಿ ಬಂದಳು.

ಅದಾದ ಮೇಲೆ ಒಂದು ಭಾನುವಾರ ನಮ್ಮ ಮನೆಗೆ ಬಂದವಳು ತಿಂಡಿಗೆ ಕೂತಾಗ ಹೇಳಿದಳು.

"ಲೋ ರುದ್ರ, ಒಂದ್ ಬೋಟ್ ತಗಳಣ ಅಂತಿದೀನಿ."

ನನ್ನ ಬಾಯಿ ತುಂಬ ಇಡ್ಲಿ ಇತ್ತು. ಕಿವಿಯ ಕಥೆ ನಿಮಗೆ ಗೊತ್ತೇ ಇದೆ. ನನಗೆ ಕೇಳಿಸಿದ್ದು ಬೂಟು.

"ತಗೋ ಅಕ್ಕ. ನಿನ್ ಮಂಡಿಗೂ ಒಳ್ಳೇದು. ವಾಕಿಂಗ್ ಬೂಟೇ ತಗೋ."

"ಬೂಟಲ್ಲ ಕಣೋ, ಬೋಟು! ನೀರಲ್ಲಿ ಹೋಗೋದು. ಮೋಟಾರ್ ಯಾಟ್ ಅಂತಾರೆ. ಹೊಸದು ನಮ್ ಕೈಗೆಟುಕಲ್ಲ. ಸೆಕೆಂಡ್ ಹ್ಯಾಂಡಲ್ಲಿ ನೋಡಣ ಅಂತ."

ವಿಮಲ ಸಾಂಬಾರಿನ ಸೌಟು ಹಿಡಿದು ಅಲ್ಲೇ ನಿಂತಳು. "ಅಕ್ಕ, ಅದನ್ನ ಎಲ್ಲಿಡ್ತೀರಾ? ನಿಮ್ಮನೆ ಕಾಂಪೌಂಡಲ್ಲಿ ಸ್ಕೂಟರ್ ತಿರುಗ್ಸಕ್ಕೇ ಆಗಲ್ವಲ್ಲ."

"ಮನೆ ಮುಂದೆ ಯಾರಾದ್ರೂ ಬೋಟ್ ನಿಲ್ಲುಸ್ತಾರೇನೇ? ಹೊನ್ನಾವರದ ಹೊಳೇಲಿ ಬಾಡಿಗೆಗೆ ಜಾಗ ಕೊಡ್ತಾರೆ. ವಿಚಾರ್ಸಿದೀನಿ. ಅಲ್ಲೇ ಒಂದು ರೂಮೂ ಸಿಗ್ತದೆ."

ವಿಚಾರಿಸಿ ಆಗಿತ್ತು ಅಂದರೆ ಮುಗಿಯಿತು. ಅಕ್ಕ ನಮ್ಮನ್ನು ಕೇಳಲು ಬಂದಿರಲಿಲ್ಲ, ಹೇಳಲು ಬಂದಿದ್ದಳು. ಆಮೇಲೆ ನಮಗೆ ಪಾಠವೂ ಆಯಿತು. ಮೋಟಾರ್ ಯಾಟ್ ಎಂದರೆ ದೊಡ್ಡ ಶ್ರೀಮಂತರು ಪಾರ್ಟಿ ಮಾಡುವ ಮೂರಂತಸ್ತಿನ ಹಡಗೇ ಆಗಬೇಕಿಲ್ಲ. ಚಿಕ್ಕವೂ ಇರುತ್ತವೆ. ಒಳಗೆ ಇಬ್ಬರು ಮಲಗುವಷ್ಟು ಜಾಗ, ಒಂದು ಒಲೆ, ಕೂತರೆ ಮಂಡಿ ಬಾಗಿಲಿಗೆ ತಗಲುವಂಥ ಕಕ್ಕಸು, ಹಿಂದೆ ಡೀಸೆಲ್ ಎಂಜಿನ್. ಇಷ್ಟಿದ್ದರೆ ಅದು ಯಾಟೇ.

ನನಗೆ ನೀರೆಂದರೆ ಹೆದರಿಕೆ. ಗುಬ್ಬಿಯಲ್ಲಿ ಹುಡುಗರಾಗಿದ್ದಾಗ ಬಾಳೆ ದಿಂಡು ಕಟ್ಟಿ ತೆಪ್ಪ ಮಾಡಿ ಕೆರೆಗೆ ಇಳಿಸಿದ್ದೆವು. ನಾನು ಹತ್ತಿದ ಕೂಡಲೆ ಹಗ್ಗ ಬಿಚ್ಚಿಕೊಂಡು ದಿಂಡುಗಳೆಲ್ಲ ಒಂದೊಂದು ದಿಕ್ಕಿಗೆ ಹೋದವು. ನಾನು ಕೆಳಕ್ಕೆ ಹೋದೆ. ಅಕ್ಕ ಜುಟ್ಟು ಹಿಡಿದು ಎಳೆದು ದಡಕ್ಕೆ ಹಾಕಿದಳು. ಆ ಜಾಗದಲ್ಲೇ ಮೊದಲು ಕೂದಲು ಉದುರಿದ್ದು ಎಂದು ನಾನು ಇವತ್ತಿಗೂ ನಂಬಿದ್ದೇನೆ. ವಿಮಲ ಮಾತ್ರ ತನ್ನ ಮಾವನವರ ಫೋಟೊ ಕಡೆ ಕೈ ತೋರಿಸುತ್ತಾಳೆ. ಅದರಲ್ಲಿ ನಮ್ಮಪ್ಪನ ತಲೆ ದೀಪದ ಬೆಳಕಿಗೆ ಹೊಳೆಯುತ್ತಿರುತ್ತದೆ.

"ನೀನ್ ಜೊತೇಗ್ ಬಾ," ಅಂದಳು ಅಕ್ಕ. "ನೀರಿಗಿಳೀಬೇಡ. ಸುಮ್ನೆ ಪಕ್ಕದಲ್ಲಿ ನಿಂತ್ಕೊ. ನಾನೊಬ್ಳೇ ಹೋದ್ರೆ ಯಜಮಾನ್ರು ಬಂದಿಲ್ವಾ ಅಂತ ಹಿಂದೆ ನೋಡ್ತಾರೆ."

ಮೊದಲು ಫೋನಿನಲ್ಲಿ ಹುಡುಕಾಟ ನಡೆಯಿತು. ಗೋವಾದ ಬ್ರೋಕರ್ ಒಬ್ಬ ಫೋಟೊ ಕಳಿಸಿದ. ಬಿಳಿ ಸೋಫಾ, ಅದರ ಮುಂದೆ ತಟ್ಟೆಯಲ್ಲಿ ಅನಾನಸು. ಅಕ್ಕ, ಸೋಫಾ ಚೆನ್ನಾಗಿದೆ, ಬೋಟಿನ ತಳದ ಫೋಟೊ ಕಳಿಸಿ ಎಂದು ಬರೆದಳು. ಅವನು ಅನಾನಸನ್ನು ಇನ್ನೊಂದು ಕಡೆಯಿಂದ ತೆಗೆದು ಕಳಿಸಿದ. "ಇವ್ನು ಹಣ್ಣಿನ್ ಯಾಪಾರ್ದೋನು ಕಣೋ," ಎಂದು ಅಕ್ಕ ಅವನ ನಂಬರು ಅಳಿಸಿದಳು.

ಆಮೇಲೆ ಮಂಗಳೂರಿನಲ್ಲಿ ಒಂದಿದೆ ಎಂದು ಗೊತ್ತಾಗಿ ಅಲ್ಲಿಗೆ ಹೋದೆವು. ಹೊಳೆಯ ದಂಡೆಯಲ್ಲಿ ಕಟ್ಟಿತ್ತು. ಬಿಳಿ ಬಣ್ಣ, ನೀಲಿ ಪಟ್ಟೆ, ನೋಡಿದರೆ ಹೊಸದೇ. ಮಾರುವವರು ಕಪ್ಪು ಕನ್ನಡಕ ಹಾಕಿದ ಮನುಷ್ಯ. ಫ್ರೇಮು ನಮ್ಮ ಅಂಗಡಿಯಲ್ಲೂ ಸಿಗುವಂಥದ್ದೇ, ಅದು ಬೇರೆ ವಿಷಯ.

"ಬನ್ನಿ ಸರ್, ನೋಡಿ ಸರ್. ಎಂಥಾ ಬೋಟ್ ಮಾರಾಯ್ರೆ! ಬೆಣ್ಣೆಯ ಹಾಗೆ ಹೋಗ್ತದೆ."

"ತಗೊಳ್ಳೋರು ನಾನಲ್ಲ, ಇವರು" ಅಂದೆ.

"ಹೌದಾ? ಒಳ್ಳೇದಾಯ್ತು." ಅವರು ಅಕ್ಕನಿಗೆ ಕೈ ಮುಗಿದು ಮತ್ತೆ ನನ್ನ ಕಡೆಗೇ ತಿರುಗಿದರು. "ಸರ್, ಮೊದಲು ಮೇಡಮ್ಮಿಗೆ ಅಡುಗೆ ಮಾಡುವ ಜಾಗ ತೋರಿಸುವಾ."

ಅಕ್ಕ ಅಡುಗೆ ಜಾಗದ ಕಡೆ ತಲೆಯನ್ನೂ ಹಾಕಲಿಲ್ಲ. ನೇರವಾಗಿ ಹಿಂದಕ್ಕೆ ಹೋಗಿ ಎಂಜಿನ್ ಮೇಲಿನ ಮುಚ್ಚಳ ಎತ್ತಿಸಿ ಅದರ ಮೈಮೇಲೆ ಅಂಗೈ ಇಟ್ಟಳು. ಜ್ವರ ಬಂದ ಮಕ್ಕಳ ಹಣೆ ಮುಟ್ಟುವ ಹಾಗೆ. ಸ್ವಲ್ಪ ಹೊತ್ತು ಹಾಗೇ ನಿಂತು, "ಬಿಸಿ ಐತಲ್ಲ" ಅಂದಳು.

"ಬಿಸಿಲು ಮೇಡಂ" ಅಂದರು ಅವರು.

"ಮುಚ್ಚಳದ ಒಳಕ್ಕೆ ಬಿಸ್ಲು ಹೆಂಗ್ ಬರತ್ತೆ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕಾರಿಗೆ ಬಂದ ಮೇಲೆ ಅಕ್ಕ ನನಗೆ ಬಿಡಿಸಿ ಹೇಳಿದಳು. ಹಳೆಯ ಎಂಜಿನ್ನು ತಣ್ಣಗಿದ್ದಾಗ ಹೊತ್ತಿಕೊಳ್ಳಲು ಕೊಸರಾಡುತ್ತದೆ, ಹೊಗೆ ಕಾರುತ್ತದೆ. ಅದು ಕಾಣಬಾರದೆಂದು ನಾವು ಬರುವ ಮುಂಚೆಯೇ ಓಡಿಸಿ ಬಿಸಿ ಮಾಡಿಟ್ಟಿದ್ದಾರೆ. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ. "ನಮ್ ಹುಡುಗ್ರು ರನ್ನಿಂಗ್ ರೇಸಿಗೆ ಮುಂಚೆ ಇದೇ ಮಾಡ್ತಿದ್ವು" ಅಂದಳು. ನಿಜವೋ ತಮಾಷೆಯೋ ತಿಳಿಯಲಿಲ್ಲ.

ಮೂರನೆಯದನ್ನು ಹುಡುಕಿಕೊಟ್ಟದ್ದು ಅನ್ವರ್. ನನ್ನ ಜೊತೆ ಗುಬ್ಬಿಯಲ್ಲಿ ಓದಿದವನು. ತುಮಕೂರಿನಲ್ಲಿ ಲಾರಿ ಎಂಜಿನ್ ರಿಪೇರಿಯ ಗ್ಯಾರೇಜು ಇಟ್ಟಿದ್ದಾನೆ. ಒಂದು ಬೆಳಿಗ್ಗೆ ಅಂಗಡಿಗೇ ಬಂದ.

"ಏನ್ಲಾ ರುದ್ರ, ಹಡಗು ನೋಡಕ್ಕೆ ಮಂಗ್ಳೂರ್ಗೋಗಿದ್ಯಂತೆ? ಗುಬ್ಬೀಲೇ ಒಂದ್ ನಿಂತೈತಲ್ಲ."

"ಗುಬ್ಬೀಲಿ ಹಡಗಾ?"

"ಹೂಂ ಕಣ್ಲಾ. ಗಂಗಾಧರಯ್ಯೋರ ಕಾಯಿ ಗೋಡೌನಲ್ಲಿ. ಬಾಡಿಗೆ ಲಾರಿ ರಿಪೇರಿಗೆ ಹೋಗಿದ್ದಾಗ ಕಣ್ಣಾರೆ ನೋಡೀನಿ. ಮಕ್ಕಳು ಮಾರ್ಬುಡಣ ಅಂತಾವ್ರೆ, ಅಯ್ಯೋರು ಹೂಂ ಅಂತಿಲ್ಲ."

ಸಮುದ್ರದಿಂದ ಘಟ್ಟ ಹತ್ತಿ ಇಷ್ಟು ದೂರ ಬಂದು ತೆಂಗಿನಕಾಯಿ ರಾಶಿಯ ನಡುವೆ ನಿಂತಿದ್ದ ಅದನ್ನು ಮೊದಲು ಕಂಡಾಗ ನನಗೆ ನಗು ಬಂತು. ಅಕ್ಕ ನಗಲಿಲ್ಲ. ಚಕ್ರದ ಗಾಡಿಯ ಮೇಲೆ ಅದರ ಮೂತಿ ಗೋಡೌನಿನ ಮಾಡಿಗೆ ತಗಲುವಷ್ಟು ಎತ್ತರಕ್ಕಿತ್ತು. ಬಣ್ಣ ಮಾಸಿ ಹಳದಿಯಾಗಿತ್ತು. ಕಿಟಕಿಯಿಂದ ಒಂದು ಟೇಬಲ್ ಫ್ಯಾನಿನ ವೈರು ಇಳಿಬಿದ್ದಿತ್ತು. ನಾವು ಕೂಗಿದ ಮೇಲೆ ಒಳಗಿನಿಂದ ಬಿಳಿ ಪಂಚೆ, ಹಣೆ ತುಂಬ ವಿಭೂತಿಯ ಹಿರಿಯರೊಬ್ಬರು ಪೇಪರು ಮಡಚಿಕೊಂಡು ಏಣಿ ಇಳಿದು ಬಂದರು. ಗಂಗಾಧರಯ್ಯನವರು. ಮಧ್ಯಾಹ್ನ ಅಲ್ಲೇ ಮಲಗುವುದು ಅವರ ರೂಢಿಯಂತೆ.

ಹಡಗು ಇಲ್ಲಿಗೆ ಬಂದ ಬಗೆಯನ್ನು ಅವರೇ ಹೇಳಿದರು. ಹಿನ್ನೀರಿನ ಪಕ್ಕ ರೆಸಾರ್ಟ್ ಮಾಡುವ ಆಸೆಯಿಂದ ಅದನ್ನು ಗೋವಾದಿಂದ ತರಿಸಿದ್ದರು. ರೆಸಾರ್ಟಿಗೆ ಅನುಮತಿ ಸಿಗಲಿಲ್ಲ. ತಂದದ್ದನ್ನು ತಂದ ಹಾಗೇ ಇಲ್ಲಿ ನಿಲ್ಲಿಸಿದರು.

ಅವರದು ಹಳೆಯ ಕಾಲದ ಸಂಕೋಚ. ಅಕ್ಕ ಎದುರಿಗೇ ನಿಂತಿದ್ದರೂ ಮಾತೆಲ್ಲ ನನ್ನೊಂದಿಗೆ. "ಸ್ವಾಮಿ, ನಿಮ್ಮಕ್ಕಾರಿಗೆ ಹೇಳಿ, ಎಂಜಿನ್ನು ಜಾಸ್ತಿ ಓಡಿಲ್ಲ." ಅಕ್ಕನಿಗೂ ಹಟ ಬಂತು. "ರುದ್ರ, ಅವ್ರಿಗೆ ಹೇಳು, ಓಡ್ದೇ ನಿಂತಿದ್ರೂ ಎಂಜಿನ್ ಹಾಳಾಗತ್ತೆ ಅಂತ." ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುವ ಕೆಲಸ ನನ್ನದಾಯಿತು.

ಹಡಗಿನ ಮೈ ಫೈಬರಿನದು. ಪದರದ ಒಳಗೆ ನೀರು ಸೇರಿದ್ದರೆ ಹೊರಗೆ ಕಾಣುವುದಿಲ್ಲ, ತಟ್ಟಿದರೆ ಗೊತ್ತಾಗುತ್ತದೆ ಎಂದು ಅಕ್ಕ ಓದಿಕೊಂಡು ಬಂದಿದ್ದಳು. ಒಂದು ಚಿಕ್ಕ ಮರದ ಸುತ್ತಿಗೆ ನನ್ನ ಕೈಗೆ ಕೊಟ್ಟಳು. ನಾನು ಒಂದು ತುದಿಯಿಂದ ತಟ್ಟುತ್ತಾ ಹೊರಟೆ. ಟಣ್, ಟಣ್, ಟಣ್. ಗಂಗಾಧರಯ್ಯನವರು ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲೇ ಬಂದರು. ಒಂದು ಸುತ್ತು ಮುಗಿಸಿ, "ಎಲ್ಲ ಚೆನ್ನಾಗಿದೆ ಅಕ್ಕ" ಎಂದು ಘೋಷಿಸಿದೆ.

ಗಂಗಾಧರಯ್ಯನವರು ಕೆಮ್ಮಿದರು. "ಇಲ್ಲ ಸ್ವಾಮಿ. ಹಿಂದ್ಗಡೆ ಬಲಗಡೆಗೆ ಇನ್ನೊಂದ್ಸಲ ತಟ್ಟಿ."

ತಟ್ಟಿದೆ. ನನಗೇನೂ ವ್ಯತ್ಯಾಸ ಕೇಳಲಿಲ್ಲ.

"ಡಬ್ ಅಂತಿಲ್ವಾ? ಗಾಡಿ ಒತ್ತೋ ಜಾಗ ಅದು. ಒಳಗೆ ಪದರ ಬಿಟ್ಕೊಂಡೈತೆ. ರಿಪೇರಿ ಮಾಡಿಸ್ಬೇಕಾಗತ್ತೆ." ಮಾರುವವರೇ ಕೊಳ್ಳುವವರಿಗೆ ಕೊರತೆ ತೋರಿಸಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕಾಯಿ ವ್ಯಾಪಾರದಲ್ಲಿ ಪಳಗಿದ ಆ ಕಿವಿಗೆ ಕೆಟ್ಟ ಸದ್ದನ್ನು ಕೇಳಿಯೂ ಕೇಳದ ಹಾಗೆ ಇರಲು ಆಗಲಿಲ್ಲ ಅಂತ ಕಾಣುತ್ತದೆ. ಅಕ್ಕ ಅವರನ್ನು ಆಗ ಸರಿಯಾಗಿ ನೋಡಿದಳು.

"ರುದ್ರ, ಹೇಳು ಅವ್ರಿಗೆ. ನಂಗೆ ಇಷ್ಟ ಆಗೈತೆ. ಆದ್ರೆ ನೀರಿಗಿಳ್ಸಿ ನೋಡ್ದೆ ತಗಳಲ್ಲ."

ನಾನು ಅನುವಾದ ಮಾಡುವ ಮುಂಚೆಯೇ ಅವರ ಮುಖ ಬದಲಾಯಿತು. "ನೀರಿಗಾ?" ಅಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಸ್ವಾಮಿ, ನಾನೂ ಇದನ್ನ ನೀರಲ್ಲಿ ನೋಡಿಲ್ಲ. ಗೋವಾದಲ್ಲೂ ದಡದ ಮೇಲೇ ನೋಡಿ ತಗಂಡಿದ್ದು. ಬರೀ ಇಲ್ಲೇ ಹತ್ತೋದು, ಇಳಿಯೋದು" ಅಂದರು.

ಪರೀಕ್ಷೆಗೆ ಕುಣಿಗಲ್ಲಿನ ದೊಡ್ಡಕೆರೆಯೇ ಆಗಬೇಕೆಂದು ಅಕ್ಕ ಹೇಳಿದಳು. ಆ ವರ್ಷ ಕೆರೆ ತುಂಬಿತ್ತು. ಅನುಮತಿ ಕೇಳಲು ಹೋದ ಕಚೇರಿಯಲ್ಲಿ ಅವಳ ಹಳೆಯ ವಿದ್ಯಾರ್ಥಿಯೇ ಅಧಿಕಾರಿ. ಅಕ್ಕನನ್ನು ಕಂಡವನು ಎದ್ದು ನಿಂತ. ಅವಳು ಕೂತುಕೋ ಅನ್ನುವವರೆಗೂ ಕೂರಲಿಲ್ಲ. ಆದರೂ ಷರತ್ತು ಹಾಕಿಯೇ ಅರ್ಧ ದಿನಕ್ಕೆ ಬಿಟ್ಟ. ಕೆರೆಗೆ ಎಣ್ಣೆ ಚೆಲ್ಲಬಾರದು, ಎಲ್ಲರೂ ನೀರಲ್ಲಿ ತೇಲಿಸುವ ಲೈಫ್ ಜಾಕೆಟ್ ತೊಟ್ಟಿರಬೇಕು, ಮೀನಿನವರು ಒಪ್ಪಬೇಕು. ಮೀನು ಹಿಡಿಯುವವರ ಹತ್ತಿರವೂ ಅಕ್ಕನೇ ಹೋಗಿ ಮಾತಾಡಿ ಬಲೆ ಹಾಕದ ಕಡೆ ಯಾವುದೆಂದು ಕೇಳಿಕೊಂಡು ಬಂದಳು.

ಅನ್ವರ್ ಅಷ್ಟರಲ್ಲಿ ಎಂಜಿನ್ ಬಿಚ್ಚಿ ತೊಳೆದು ಎಣ್ಣೆ, ಫಿಲ್ಟರು ಎಲ್ಲ ಬದಲಾಯಿಸಿದ್ದ. ಗೋಡೌನಿನಲ್ಲೇ ಪೈಪಿನಿಂದ ನೀರು ಕೊಟ್ಟು ಒಂದು ಗಳಿಗೆ ಓಡಿಸಿಯೂ ನೋಡಿದ್ದ. ತಣ್ಣಗಿದ್ದ ಎಂಜಿನ್ನು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. "ಲಾರಿ ಎಂಜಿನ್ನೇ ಕಣಕ್ಕ ಇದು. ನೀರಲ್ಲಿರೋ ಲಾರಿ ಅಷ್ಟೇ. ನನ್ ಮೇಲೆ ಬುಡು" ಅಂದ.

ಗುಬ್ಬಿಯಿಂದ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹಡಗು ರಸ್ತೆಯಲ್ಲಿ ಹೋಯಿತು. ಮುಂದೆ ಟ್ರ್ಯಾಕ್ಟರು, ಹಡಗಿನ ಮೇಲೆ ಬಿದಿರಿನ ಗಳ ಹಿಡಿದು ತಗ್ಗಿನ ವೈರು ಎತ್ತುವ ಇಬ್ಬರು, ಹಿಂದೆ ನಮ್ಮ ಕಾರು. ಟೀ ಅಂಗಡಿಗಳ ಮುಂದೆ ಕೂತವರೆಲ್ಲ ಎದ್ದು ನಿಂತರು. ಒಬ್ಬಾಕೆ ಕೈ ಮುಗಿದಳು, ಯಾವ ದೇವರು ಅಂದುಕೊಂಡಳೋ. ಇನ್ನೊಬ್ಬ, "ಅಣ್ಣ, ದಾರಿ ತಪ್ಪಿದ್ರಾ?" ಎಂದು ಕೂಗಿದ.

ಗಣಪತಿ ಬಿಡುವ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಕ್ಕೆ ಬಿಟ್ಟರು. ನೀರು ಚಕ್ರ ಮುಟ್ಟಿತು, ಅಚ್ಚು ಮುಟ್ಟಿತು, ಹಡಗಿನ ಹೊಟ್ಟೆ ಮುಟ್ಟಿತು. ಒಮ್ಮೆ ಸಣ್ಣಗೆ ಅಲುಗಿ ಅದು ಗಾಡಿಯಿಂದ ತಾನಾಗಿಯೇ ಬಿಡಿಸಿಕೊಂಡು ತೇಲಿತು. ಗಂಗಾಧರಯ್ಯನವರು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ನಾನು ಹತ್ತಬಾರದೆಂದೇ ಬಂದಿದ್ದೆ. ಆದರೆ ಗಂಗಾಧರಯ್ಯನವರು, "ಬನ್ನಿ ಸ್ವಾಮಿ, ನಿಮ್ಮಕ್ಕಾರ ಜೊತೆ ನಾನೊಬ್ನೇ ಹೆಂಗ್ ಮಾತಾಡ್ಲಿ?" ಅಂದುಬಿಟ್ಟರು. ಜಾಕೆಟ್ಟಿನ ಎಲ್ಲ ಬಕಲುಗಳನ್ನು ಹಾಕಿಕೊಂಡು, ಎರಡೆರಡು ಸಲ ಎಳೆದು ನೋಡಿ ಹತ್ತಿದೆ. ಅಕ್ಕ ಸ್ಟೇರಿಂಗ್ ಚಕ್ರದ ಮುಂದೆ ನಿಂತಳು. ಅನ್ವರ್ ಎಂಜಿನ್ ಹತ್ತಿರ ಕೂತ. ಕೆರೆಯ ಅಂಚು ದೂರವಾಗುತ್ತಾ ಹೋಯಿತು. ಅಕ್ಕ ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ನಿಧಾನ ಮಾಡಿದಳು, ಹಿಂದಕ್ಕೆ ಬಿಟ್ಟು ನೋಡಿದಳು. ನಡುವೆ ನನಗೆ ಚಕ್ರ ಹಿಡಿಯಲು ಹೇಳದೆ ಅನ್ವರನಿಗೆ ಹೇಳಿ, ತಾನು ನೆಲದ ಹಲಗೆ ಎತ್ತಿ ಕೆಳಗೆ ಕೈ ಹಾಕಿದಳು. ಒಣಗಿತ್ತು. ಆ ಮುಖದ ಮೇಲಿನ ಖುಷಿಯನ್ನು ನಾನು ಅವಳ ಶಾಲೆಗೆ ಕಪ್ ಬಂದಾಗಲೂ ಕಂಡಿರಲಿಲ್ಲ.

ಕೆರೆಯ ನಟ್ಟನಡುವೆ ಬಂದಾಗ ಎಂಜಿನ್ನಿನಿಂದ ಕೀ ಎಂದು ಸದ್ದು ಬಂತು, ಜೊತೆಗೆ ಸುಟ್ಟ ರಬ್ಬರಿನ ವಾಸನೆ. ಅನ್ವರ್ ಥಟ್ಟನೆ ಆಫ್ ಮಾಡಿದ.

"ಏನಾಯ್ತೋ?" ಅಂದಳು ಅಕ್ಕ.

"ನೀರು ಎಳ್ಯೋ ಪಂಪಲ್ಲಿ ಒಂದು ರಬ್ಬರ್ ಚಕ್ರ ಇತ್ತು ಕಣಕ್ಕ. ನೋಡಕ್ಕೆ ಚೆನ್ನಾಗೇ ಇತ್ತು, ಅದ್ಕೇ ಬುಟ್ಟಿದ್ದೆ. ಪುಡಿ ಪುಡಿ ಆಗೈತೆ." ಅನ್ವರ್ ತಲೆ ಕೆರೆದುಕೊಂಡ. "ಲಾರೀಲಿ ಇದು ಇರಲ್ಲ."

ಲಾರಿ ತನ್ನ ನೀರನ್ನು ತಾನೇ ಹೊತ್ತು ಓಡಾಡುತ್ತದೆ. ಹಡಗು ಹೊರಗಿನ ನೀರನ್ನು ಎಳೆದುಕೊಂಡು ತಣ್ಣಗಾಗುತ್ತದೆ. ಸುತ್ತ ಅಷ್ಟು ನೀರಿದ್ದರೂ ಎಂಜಿನ್ನಿಗೆ ಒಂದು ಹನಿ ಸಿಗುತ್ತಿರಲಿಲ್ಲ. ಗಾಳಿಗೆ ಹಡಗು ತನ್ನ ಪಾಡಿಗೆ ತೂಬಿನ ಕಡೆ ಹೊರಟಿತು. ನಾನು ಕಂಬಿ ಹಿಡಿದುಕೊಂಡು, ದಡ ಸೇರಿಸಿದರೆ ಯಡಿಯೂರಿಗೆ ನಡೆದುಕೊಂಡು ಬರುತ್ತೇನೆ ಸಿದ್ಧಲಿಂಗೇಶ್ವರಾ ಎಂದು ಹರಕೆ ಹೊತ್ತೆ. ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿಂದ ಬಂದುಬಿಟ್ಟಿತ್ತು.

"ಬಸ್ಸಲ್ಲಿ ಬರ್ತೀನಿ ಅನ್ನು," ಎಂದಳು ಅಕ್ಕ, ಲಂಗರು ಬಿಚ್ಚಿ ನೀರಿಗೆ ಬಿಡುತ್ತಾ. "ನಿನ್ ಕಾಲಿನ ಶಕ್ತಿ ನಂಗೊತ್ತು. ದೇವ್ರಿಗೆ ಸುಳ್ ಹೇಳ್ಬೇಡ."

ಲಂಗರು ಕಚ್ಚಿತು. ಹಡಗು ನಿಂತಿತು. ದಡದಲ್ಲಿ ಜನ ಇರುವೆಗಳ ಹಾಗೆ ಕಾಣುತ್ತಿದ್ದರು. ಅಕ್ಕ ಕೊರಳಲ್ಲಿದ್ದ ಸೀಟಿ ತೆಗೆದು ಜೋರಾಗಿ ಊದಿದಳು. ಮೀನಿನವರು ಹರಿಗೋಲು ಬಿಚ್ಚುವುದು ಕಾಣಿಸಿತು. ಅವರು ಬರಲು ಹೊತ್ತು ಹಿಡಿಯುವುದಿತ್ತು. ಮುಂದಿನ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಗಂಗಾಧರಯ್ಯನವರು ಹಿಂದಕ್ಕೆ ತಿರುಗಿ, ಮೊದಲ ಸಲ ನೇರವಾಗಿ ಅಕ್ಕನನ್ನೇ ಕೇಳಿದರು.

"ನಿಮಗೆ ಭಯ ಆಗಲ್ವಾ ತಾಯಿ?"

"ಆಗ್ತದೆ. ಇವನನ್ನ ನೋಡಿದ್ರೆ ಕಮ್ಮಿ ಆಗ್ತದೆ."

ಅವರು ನಕ್ಕರು. "ನಂಗೂ ಭಯ ಆಗ್ತೈತೆ. ಆದ್ರೂ ಇನ್ನೊಂದ್ ಗಳಿಗೆ ಅವ್ರು ಬರ್ದೇ ಇದ್ರೆ ಚೆನ್ನಾಗಿರತ್ತೆ."

ನನ್ನ ಅನುವಾದಕನ ಕೆಲಸ ಅಲ್ಲಿಗೆ ಹೋಯಿತು.

ಹರಿಗೋಲಿನವರು ಹಗ್ಗ ಕಟ್ಟಿ ಎಳೆದು ದಡಕ್ಕೆ ತಂದರು. ರಬ್ಬರ್ ಚಕ್ರ ದೊಡ್ಡ ವಿಷಯವಲ್ಲ, ಬದಲಾಯಿಸಬಹುದು. ತಳ ಗಟ್ಟಿಯಾಗಿದೆ, ಎಂಜಿನ್ ತಣ್ಣಗಿದ್ದಾಗಲೂ ಹೊತ್ತಿಕೊಳ್ಳುತ್ತದೆ, ಕಾಗದಗಳು ಸರಿ ಇವೆ. ಅಕ್ಕ ಅಲ್ಲೇ ಒಪ್ಪಿದಳು. ಬೆಲೆಯೂ ಮಾತಾಯಿತು. ಒಳ್ಳೆಯ ದಿನ ನೋಡಿ ಬನ್ನಿ ಎಂದು ಗಂಗಾಧರಯ್ಯನವರು ಹಡಗಿನೊಂದಿಗೆ ಗುಬ್ಬಿಗೆ ಹೋದರು.

ಒಳ್ಳೆಯ ದಿನ ಬರುವ ಮೊದಲು ಬೇರೆ ಗಿರಾಕಿ ಬಂದರು. ದಡದಲ್ಲಿದ್ದವರು ತೆಗೆದ ವಿಡಿಯೊ ಎಲ್ಲರ ಫೋನಿನಲ್ಲೂ ಓಡಾಡಿತ್ತು. ಅದನ್ನು ಕಂಡ ಹೆದ್ದಾರಿ ಹೋಟೆಲಿನವರೊಬ್ಬರು ಗುಬ್ಬಿಗೆ ಹೋಗಿ ಹಡಗಿನ ಉದ್ದಗಲ ಅಳೆದುಕೊಂಡು ಬಂದಿದ್ದರು. ರಸ್ತೆ ಪಕ್ಕ ಸಿಮೆಂಟಿನ ಕಟ್ಟೆ ಕಟ್ಟಿ ಅದರ ಮೇಲೆ ಹಡಗು ಕೂರಿಸಿ ಒಳಗೆ ಊಟದ ಮೇಜು ಹಾಕುವುದು ಅವರ ಯೋಜನೆ. ಅಕ್ಕ ಹೇಳಿದ್ದಕ್ಕಿಂತ ಬಹಳ ಹೆಚ್ಚಿಗೆ ಕೊಡಲು ತಯಾರಿದ್ದರು. ನಾವು ಹೋದಾಗ ಗಂಗಾಧರಯ್ಯನವರ ಹಿರಿಯ ಮಗ ಮುಂದೆ ನಿಂತಿದ್ದ.

"ಬೇಜಾರ್ ಮಾಡ್ಕೋಬೇಡಿ ಮೇಡಂ. ನೀವೂ ಅಷ್ಟು ಕೊಟ್ರೆ ನಿಮಗೇ ಕೊಡಣ. ಮನೇಲಿ ನಾಕ್ ಜನದ ಮಾತು ಕೇಳ್ಬೇಕಲ್ವಾ?"

ಗಂಗಾಧರಯ್ಯನವರು ಕಾಯಿ ರಾಶಿಯ ಪಕ್ಕ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಅಕ್ಕ ಅವರ ಕಡೆ ನೋಡಿ, "ನಂಗೆ ಅಷ್ಟು ಆಗಲ್ಲ. ಮೊದ್ಲು ಹೇಳಿದ್ದೇ ನನ್ ಮಾತು" ಅಂದವಳು ಹಡಗಿನ ಕಡೆ ತಿರುಗಿಯೂ ನೋಡದೆ ಹೊರಗೆ ಬಂದಳು.

ಕಾರಿನಲ್ಲಿ ನಾನು ಸಮಾಧಾನ ಮಾಡಲು ಹೋಗಿ, "ಅಷ್ಟೊಂದು ಬೇಕಿತ್ತಾ ಅಕ್ಕ ಅದು?" ಎಂದು ಕೇಳಿದೆ. ಕೇಳಬಾರದಿತ್ತು. ಅವಳು ಕಿಟಕಿ ಕಡೆಗೇ ಮುಖ ಮಾಡಿ ಹೇಳಿದಳು.

"ಅಷ್ಟ್ ವರ್ಷ ಗ್ರೌಂಡ್ ಮಧ್ಯ ನಿಂತು ಸೀಟಿ ಊದಿದೀನಿ ಕಣೋ. ಓಡೋವು ಹುಡುಗ್ರು. ನಾನ್ ನಿಂತ್ ಜಾಗ ಬಿಟ್ಟು ಅಲ್ಲಾಡಿಲ್ಲ. ನಂಗೂ ಒಂದ್ಸಲ ಹೋಗ್ಬೇಕು ಅನ್ಸಲ್ವಾ?"

ಅವಳು ಕಣ್ಣು ಒರೆಸಿಕೊಂಡದ್ದನ್ನು ನೋಡಿಲ್ಲವೆಂಬಂತೆ ಗೇರು ಬದಲಾಯಿಸಿದೆ.

ಮುಂದಿನ ವಾರ ನಾನು ಕುಣಿಗಲ್ಲಿನಲ್ಲಿ ಅಕ್ಕನ ಮನೆಯಲ್ಲಿದ್ದಾಗ ಗೇಟಿನ ಸದ್ದಾಯಿತು. ಗಂಗಾಧರಯ್ಯನವರು ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ನನ್ನ ಕಡೆ ಒಂದು ನಮಸ್ಕಾರ ಹಾಕಿ ನೇರ ಅಕ್ಕನ ಎದುರಿನ ಕುರ್ಚಿಯಲ್ಲಿ ಕೂತರು.

"ತಾಯಿ, ಮನೇಲಿ ಗಲಾಟೆ ಮಾಡಿ ಬಂದಿದೀನಿ. ಹಡಗು ನಿಮ್ಗೇ. ಮೊದ್ಲು ಆಡಿದ್ ಮಾತೇ ಮಾತು."

"ಮಕ್ಕಳು?" ಅಂದಳು ಅಕ್ಕ.

"ಮುನಿಸ್ಕಂಡವ್ರೆ. ಆಮೇಲ್ ಸರಿ ಹೋಗ್ತಾರೆ. ಅವ್ರು ನೀರಲ್ಲಿ ಅದನ್ನ ನೋಡಿಲ್ವಲ್ಲ. ನಾನ್ ನೋಡ್ಬುಟ್ಟೆ. ಅಲ್ಲೀವರ್ಗೂ ಗೋಡೌನಲ್ಲಿ ಮಲಗಿದ್ರೆ ನಿದ್ದೆ ಬರೋದು. ಈಗ ಅದ್ರೊಳಗೆ ಕೂತ್ರೆ ಏನೋ ತಪ್ ಮಾಡ್ದಂಗ್ ಅನ್ನುಸ್ತೈತೆ. ಇನ್ನು ಸಿಮೆಂಟ್ ಮೇಲೆ ಕೂರ್ಸಿ, ಅದ್ರೊಳಗೆ ಜನ ಕೈ ತೊಳ್ಯೋದನ್ನ..."

ಅಕ್ಕ ಒಳಗೆ ಹೋಗಿ ಕಾಫಿ ತಂದಳು. ಬಹಳ ಹೊತ್ತು ಒಳಗೇ ಇದ್ದು ತಂದಳು, ಕಾಫಿ ಆರಿತ್ತು. ಗಂಗಾಧರಯ್ಯನವರು ಅದನ್ನು ಬಿಸಿ ಇದೆಯೆಂಬಂತೆ ಊದಿ ಊದಿ ಕುಡಿದರು.

ಹಡಗು ಘಟ್ಟ ಇಳಿದು ಹೊನ್ನಾವರಕ್ಕೆ ಹೋಯಿತು. ಹಿಂಭಾಗ ರಿಪೇರಿಯಾಗಿ ಮೈಗೆಲ್ಲ ಹೊಸದಾಗಿ ಬಿಳಿ ಬಣ್ಣ ಬಿತ್ತು, ಹೊಸ ರಬ್ಬರ್ ಚಕ್ರ ಬಂತು. ಅನ್ವರ್ ಜೊತೆಗೆ ಎರಡು ಹೆಚ್ಚಿಗೆ ತಂದಿಟ್ಟ. ಅಕ್ಕ ಅಲ್ಲೇ ರೂಮು ಹಿಡಿದು, ತರಬೇತಿಗೆ ಹೋಗಿ, ಪರೀಕ್ಷೆ ಬರೆದು ಲೈಸೆನ್ಸು ತೆಗೆದುಕೊಂಡಳು. ಎಲ್ಲ ಆದ ಮೇಲೆ ಒಬ್ಬಳೇ ಓಡಿಸುವ ಮೊದಲ ದಿನ ನನಗೂ ಗಂಗಾಧರಯ್ಯನವರಿಗೂ ಬರಹೇಳಿದ್ದಳು. ಅವರನ್ನು ಆಮೇಲೆ ಕೂರಿಸಿಕೊಂಡು ಹೋಗುವ ಮಾತಾಗಿತ್ತು. ಮೊದಲ ಸುತ್ತು ಮಾತ್ರ ತಾನೊಬ್ಬಳೇ.

ಬೆಳಗಿನ ಹೊತ್ತು. ಹೊಳೆ ಅಗಲವಾಗಿ ಸುಮ್ಮನೆ ಹರಿಯುತ್ತಿತ್ತು. ಕಲಿಸಿದ ಮೇಷ್ಟ್ರು ಹಡಗಿನಿಂದ ಇಳಿದು, ಅವಳು ವಾಪಸು ಬಂದಾಗ ಹಗ್ಗ ಹೇಗೆ ಹಿಡಿದು ಗೂಟಕ್ಕೆ ಸುತ್ತಬೇಕೆಂದು ನಮಗೆ ತೋರಿಸಿಕೊಟ್ಟು ಹೋದರು. ಅಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಜಾಕೆಟ್ ತೊಟ್ಟು ಚಕ್ರದ ಮುಂದೆ ನಿಂತಳು. ಹೊರಡುವಾಗ ಹಿಂಬದಿ ಕಟ್ಟೆಗೆ ಒಮ್ಮೆ ತಗಲಿ ಬಣ್ಣ ಕಿತ್ತಿತು. ಗಂಗಾಧರಯ್ಯನವರು "ಅಯ್ಯೋ" ಅಂದರು. ಅಕ್ಕ ತಿರುಗಿ ನೋಡಲಿಲ್ಲ. ಹಡಗು ನಡುಹೊಳೆಗೆ ಹೋಯಿತು, ತಿರುವಿನ ತೆಂಗಿನ ಮರಗಳ ಆಚೆ ಮರೆಯಾಯಿತು. ಸ್ವಲ್ಪ ಹೊತ್ತು ಎಂಜಿನ್ನಿನ ಸದ್ದು ಕೇಳಿತು, ಆಮೇಲೆ ಅದೂ ಇಲ್ಲ.

ನಾವಿಬ್ಬರೂ ಕಟ್ಟೆಯ ಮೇಲೆ ಕೂತೆವು. ನಾನು ಗಡಿಯಾರ ನೋಡಿಕೊಂಡೆ. ಅವರು ನೋಡಿಕೊಳ್ಳಲಿಲ್ಲ, ಆದರೆ ನನ್ನ ಕೈ ಕಡೆ ಬಗ್ಗಿ ನೋಡಿದರು. ಕೊನೆಗೆ ಸದ್ದು ಮತ್ತೆ ಕೇಳಿತು. ಮರಗಳ ಮರೆಯಿಂದ ಬಿಳಿ ಮೂತಿ ಹೊರಬಂತು. ನಾವು ಎದ್ದು ನಿಂತೆವು. ನಾನು ಹಗ್ಗಕ್ಕೆ ಕೈ ಚಾಚಲು ಕಟ್ಟೆಯ ಅಂಚಿಗೇ ಬಂದು ನಿಂತೆ. ನೀರು ಕಾಲಿನ ಕೆಳಗೇ ಇತ್ತು. ಅವರು ಹಿಂದಿನಿಂದ ನನ್ನ ಅಂಗಿ ಹಿಡಿದುಕೊಂಡರು. ಹಡಗು ನಿಧಾನವಾಯಿತು. ಅಕ್ಕನ ಮುಖ ಕಾಣುವಷ್ಟು ಹತ್ತಿರ ಬಂತು. ಕೂದಲೆಲ್ಲ ಗಾಳಿಗೆ ಕೆದರಿತ್ತು. ಅವಳು ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು, ಗೂಟ ನೋಡಿದಳು, ಮತ್ತೆ ಹೊಳೆಯ ಕಡೆ ನೋಡಿದಳು. ಒಂದು ಕೈ ಎತ್ತಿ ಬೀಸಿ ಚಕ್ರ ತಿರುಗಿಸಿದಳು. ಹಡಗು ನಮ್ಮ ಕಾಲಿಗೆ ಅಲೆ ಎರಚಿ ಮತ್ತೆ ನಡುಹೊಳೆಗೆ ಹೊರಟಿತು.

ನಾನು ಚಾಚಿದ ಕೈ ಹಾಗೇ ಇತ್ತು. ಗಂಗಾಧರಯ್ಯನವರು ಪಂಚೆ ಕೊಡವಿಕೊಂಡು ಕಟ್ಟೆಯ ಮೇಲೆ ಆರಾಮಾಗಿ ಚಕ್ಕಳಮಕ್ಕಳ ಹಾಕಿ ಕೂತರು.

"ಕೂತ್ಕಳಿ ಸ್ವಾಮಿ," ಅಂದರು. "ಈಗ್ಲೇ ಬರಲ್ಲ ಅವ್ರು."